ಇಯೋನಾಳ ಸೊಟ್ಟ ವಾದ

ಹಾರ್ಮನ್‌ಬರಿಯಲ್ಲಿ ಐವತ್ತರ ಒಳಗಿನ ಯಾರನ್ನೇ ಹಿಡಿದು ಕೇಳಿ, ಹೈಸ್ಕೂಲಿನಲ್ಲಿ ವರ್ನಾ ಸ್ಟಾಡರ್ಡ್ ಮೇಡಂ ಹತ್ತಿರ ತರ್ಕ ಕಲಿಯದವರು ಸಿಗುವುದಿಲ್ಲ. ಕಲಿತದ್ದನ್ನು ಎಲ್ಲ ಮಕ್ಕಳ ಹಾಗೆ ಇವರೂ ಮರೆತುಬಿಟ್ಟಿದ್ದರೆ ಊರು ಸುಖವಾಗಿರುತ್ತಿತ್ತು. ಮರೆಯಲಿಲ್ಲ, ಅದೇ ತೊಂದರೆಯಾದದ್ದು.

ಬೇರೆ ಊರುಗಳಲ್ಲಿ ಗಂಡ ಹೆಂಡತಿ ಜಗಳವಾಡಿದರೆ ಪಾತ್ರೆಗಳು ಹಾರುತ್ತವೆ. ನಮ್ಮೂರಲ್ಲಿ ಹೆಂಡತಿ "ನಿಮ್ಮಮ್ಮನೂ ಹೀಗೇ ಅಲ್ವಾ" ಎಂದರೆ ಗಂಡ ಫೋರ್ಕು ಕೆಳಗಿಟ್ಟು, "ಇದು ವಿಷಯ ಬಿಟ್ಟು ಆಸಾಮಿ ಮೇಲೆ ಬೀಳೋದು" ಎನ್ನುತ್ತಾನೆ. ಜಗಳ ಅಲ್ಲಿಗೆ ನಿಲ್ಲುತ್ತದೆ. ಮಾತೂ ನಿಲ್ಲುತ್ತದೆ, ಒಂದು ವಾರ. ಚರ್ಚಿಗೆ ಹೊಸದಾಗಿ ಬಂದ ಪಾದ್ರಿಗಳು ಮೊದಮೊದಲು ಮುಕ್ಕಾಲು ಗಂಟೆ ಉಪದೇಶ ಮಾಡುತ್ತಿದ್ದರು. ಈಗ ಹಾಡು ಜಾಸ್ತಿ ಮಾಡಿ ಮಾತು ಕಮ್ಮಿ ಮಾಡಿದ್ದಾರೆ. ಅವರಿಗೆ ಯಾರೂ ಏನೂ ಅಂದಿರಲಿಲ್ಲ. ಎರಡನೇ ಬೆಂಚಿನಲ್ಲಿ ಕೂತಿದ್ದ ವರ್ನಾ ಒಂದು ಸಲ ತಲೆ ಓರೆ ಮಾಡಿದ್ದಳು, ಅಷ್ಟೇ.

ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ವರ್ಮಾಂಟ್ ರಾಜ್ಯದ ಎಲ್ಲಾ ಊರುಗಳಂತೆ ನಮ್ಮೂರಲ್ಲೂ ಆ ದಿನ ಜನ ಬೂಟಿಗೆ ಮೆತ್ತಿದ ಕೆಸರಿನ ಸಮೇತ ಬಂದು, ಟೌನ್ ಹಾಲಿನ ಮಡಚುವ ಕುರ್ಚಿಗಳಲ್ಲಿ ಕೂತು, ರಸ್ತೆ, ಶಾಲೆ, ಬೆಂಕಿ ನಂದಿಸುವ ಗಾಡಿ, ಎಲ್ಲದರ ಹಣೆಬರಹವನ್ನೂ ಕೈ ಎತ್ತಿ ತೀರ್ಮಾನಿಸುತ್ತಾರೆ. ಸಭೆ ನಡೆಸುವವನು ಎಮೆಟ್ ರೋವೆಲ್, ದನದ ಡಾಕ್ಟರು. ಅವನೂ ಮೇಡಂ ಶಿಷ್ಯನೇ. ಯಾರಾದರೂ ಮಾತು ಮುಗಿಸಿದ ಕೂಡಲೇ ಅವನು ಸುತ್ತಿಗೆ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ಮೂರನೇ ಸಾಲಿನ ಕಡೆ ನೋಡಿ, "ಮೇಡಂ, ಏನಾದ್ರೂ ಇದ್ಯಾ?" ಎಂದು ಕೇಳುತ್ತಾನೆ. ಇದು ಯಾವ ಕಾನೂನಿನಲ್ಲೂ ಇಲ್ಲ. ಯಾವುದೋ ವರ್ಷ ಶುರುವಾದದ್ದು ಹಾಗೇ ಉಳಿದುಕೊಂಡಿತು. ಇದ್ದರೆ ವರ್ನಾ ಏಳುತ್ತಾಳೆ. "ಇದು ಜಾರುಬಂಡೆ. ಒಂದು ಹೆಜ್ಜೆ ಇಟ್ಟವರೆಲ್ಲ ಪಾತಾಳಕ್ಕೆ ಹೋಗಲ್ಲ." ಅಥವಾ, "ಇದು ಬೆರ್ಚಪ್ಪ. ಅವನು ಹೇಳದೇ ಇದ್ದದ್ದನ್ನ ಎದುರಿಗೆ ನಿಲ್ಲಿಸ್ಕೊಂಡು ಹೊಡೀತಾ ಇದೀಯ." ಅಷ್ಟು ಹೇಳಿ ಕೂರುತ್ತಾಳೆ. ಮಾತಾಡಿದವನು ಕಿವಿ ಕೆಂಪಗೆ ಮಾಡಿಕೊಂಡು ತಾನೂ ಕೂರುತ್ತಾನೆ, ಮತಗಳು ಆ ಕಡೆಯಿಂದ ಈ ಕಡೆಗೆ ವಾಲುತ್ತವೆ. ಅವಳು ಪಕ್ಷಪಾತ ಮಾಡಿದಳು ಎಂದು ಇವತ್ತಿನವರೆಗೆ ಒಬ್ಬರೂ ಅಂದದ್ದಿಲ್ಲ. ಅವಳಿಗಿದ್ದ ಹೆಮ್ಮೆ ಅದೊಂದೇ. ಆದರೆ ಸಣ್ಣದಲ್ಲ.

ಊರಿಗೆಲ್ಲ ಕಲಿಸಿದವಳಿಗೆ ಇಯೋನಾ ಬ್ರಿಗಮ್‌ಗೆ ಕಲಿಸಲು ಮಾತ್ರ ಆಗಿರಲಿಲ್ಲ. ಇಬ್ಬರೂ ಇಪ್ಪತ್ತೈದು ತುಂಬುವ ಮೊದಲಿಂದ ಗೆಳತಿಯರು. ಇಯೋನಾ ಊರಿನ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದವಳು. ಮಾತು ಶುರು ಮಾಡಿದರೆ ಹೊಳೆ ಹರಿದ ಹಾಗೆ. ಎಲ್ಲಿ ಹೊರಟಿತು, ಎಲ್ಲಿ ಸೇರಿತು ಎಂದು ಕೇಳುವ ಹಾಗಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ವರ್ನಾ ಕಾರು ಹತ್ತಿಸಿಕೊಂಡು ಕಟ್ಲರ್ ಗುಡ್ಡಕ್ಕೆ ಹೋಗುತ್ತಾಳೆ. ಇಬ್ಬರೂ ಅಡುಗೆಮನೆಯಲ್ಲಿ ಕೂತು ಇಸ್ಪೀಟು ಆಡುತ್ತಾರೆ. ಇಯೋನಾ ಮಾತಾಡುತ್ತಾಳೆ, ವರ್ನಾ ತಿದ್ದುತ್ತಾಳೆ. ಇಬ್ಬರ ಗಂಡಂದಿರೂ ಈಗಿಲ್ಲ. ಗುರುವಾರ ಮಾತ್ರ ತಪ್ಪಿಲ್ಲ.

ಕಟ್ಲರ್ ಗುಡ್ಡದ ರಸ್ತೆಯ ಕೆಳಭಾಗದಲ್ಲಿ ಐದಾರು ಮನೆಗಳಿವೆ. ಕೊನೆಯ ಒಂದು ಮೈಲಿಯಲ್ಲಿ ಇರುವುದು ಇಯೋನಾಳ ಮನೆ ಒಂದೇ. ಈ ಸಲದ ಸಭೆಗೆ ಊರ ಮಂಡಳಿಯವರು ಒಂದು ಠರಾವು ತಂದಿದ್ದರು: ಆ ಕೊನೆಯ ಮೈಲಿಯ ಹಿಮವನ್ನು ಊರ ಲಾರಿಯಿಂದ ತಳ್ಳಿಸುವುದನ್ನು ಮುಂದಿನ ಚಳಿಗಾಲದಿಂದ ನಿಲ್ಲಿಸತಕ್ಕದ್ದು. ಅದು ಪಾಸಾಯಿತು ಎಂದರೆ ನವೆಂಬರಿನಿಂದ ಏಪ್ರಿಲ್‌ವರೆಗೆ ಇಯೋನಾ ಹೊರಗೆ ಬರುವ ಹಾಗಿಲ್ಲ, ಯಾರೂ ಒಳಗೆ ಹೋಗುವ ಹಾಗಿಲ್ಲ. ಸೊಂಟದ ಕೀಲು ಬದಲಾಯಿಸಿಕೊಂಡ ಹೆಂಗಸು ಸೊಂಟದೆತ್ತರದ ಹಿಮ ತುಳಿದುಕೊಂಡು ಬಂದಾಳೇ? ಮನೆ ಮಾರಿ ಮರಳುಗಾಡಿನ ಅರಿಜೋನಾಕ್ಕೆ, ತಮ್ಮನ ಮಗನ ಹತ್ತಿರ ಹೋಗಬೇಕು. ಅವನು ಆಗಲೇ ಒಂದು ಕೋಣೆಗೆ ಬಣ್ಣ ಹೊಡೆಸಿದ್ದ.

"ಯಾವ ಬಣ್ಣ ಅಂತ ಕೇಳ್ದೆ. ಮರಳಿನ ಬಣ್ಣ ಅತ್ತೆ ಅಂದ" ಎಂದಳು ಇಯೋನಾ. ಸಭೆಯ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಗುರುವಾರವಲ್ಲದಿದ್ದರೂ ವರ್ನಾಳನ್ನು ಕರೆಸಿಕೊಂಡಿದ್ದಳು. "ಹೊರಗೂ ಮರಳು, ಒಳಗೂ ಮರಳು. ಅಲ್ಲಿ ನಂಗೇನು ಕೆಲ್ಸ ಹೇಳು?"

"ಅದಿರ್ಲಿ. ನಾಳೆ ಏನು ಮಾತಾಡ್ತೀಯ, ಹೇಳು ನೋಡೋಣ" ಎಂದಳು ವರ್ನಾ, ಇಸ್ಪೀಟೆಲೆ ಕಲೆಸುತ್ತಾ.

ಇಯೋನಾ ಗಂಟಲು ಸರಿಮಾಡಿಕೊಂಡಳು. "ಇವತ್ತು ನನ್ನ ರಸ್ತೆ ಬಿಟ್ರು ಅಂದ್ರೆ ನಾಳೆ ಗಿರಣಿ ರಸ್ತೆ ಬಿಡ್ತಾರೆ, ನಾಡಿದ್ದು ಊರೇ ಬಿಡ್ತಾರೆ. ಆಮೇಲೆ ಈ ಹಾಲಲ್ಲಿ ಕರಡಿಗಳು ಸಭೆ ಮಾಡ್ಬೇಕಾಗುತ್ತೆ."

"ಜಾರುಬಂಡೆ. ಬೇಡ."

"ನಮ್ಮ ತಾತನ ಕಾಲದಿಂದ ಇರೋ ರಸ್ತೆ ಅದು. ಇಷ್ಟು ವರ್ಷದಿಂದ ಇದ್ದದ್ದು ಸುಮ್ನೆ ಇರುತ್ತಾ?"

"ಹಳೇದು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಬೇಡ."

"ಆ ಮಂಡಳಿಯ ದೊಡ್ಡ ಮನುಷ್ಯ ಇದಾನಲ್ಲ, ಪಿಯಾನೋ ಕಲಿಯೋವಾಗ್ಲೇ ಅರ್ಧ ಹಾಡು ಹಾರಿಸ್ತಿದ್ದ."

"ಆಸಾಮಿ ಮೇಲೆ ಬಿದ್ದೆ. ಬೇಡ."

"ಸರಿ, ಇದನ್ನ ಕೇಳು. ಹಿಮ ತಳ್ಳೋಕೆ ಶುರು ಮಾಡಿದ ಮೇಲೆ ಆ ಮೈಲಿಯಲ್ಲಿ ಒಬ್ರೂ ಸತ್ತಿಲ್ಲ."

"ಅಲ್ಲಿರೋಳು ನೀನೊಬ್ಳೇ ಕಣೇ. ನೀನಿನ್ನೂ ಸತ್ತಿಲ್ಲ ಅನ್ನೋದು ಅವ್ರಿಗೂ ಕಾಣುತ್ತೆ. ಕಾಕತಾಳೀಯ. ಬೇಡ."

ಇಯೋನಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಅಲ್ವೇ ಮಾರಾಯ್ತಿ, ಇದೂ ಬೇಡ ಅದೂ ಬೇಡ ಅಂದ್ರೆ ನಾಳೆ ಎದ್ದು ನಿಂತು ಬರೀ ಕೆಮ್ಲಾ?"

ವರ್ನಾಗೆ ನಗು ಬಂತು, ತಡೆದುಕೊಂಡಳು. ಇಯೋನಾ ನಗಲಿಲ್ಲ. ಮೇಜಿನ ಮೇಲಿನ ಬ್ರೆಡ್ಡಿನ ಚೂರನ್ನು ಬೆರಳಲ್ಲಿ ಒತ್ತುತ್ತಾ ಕೇಳಿದಳು: "ನೀನಂತೂ ನನ್ನ ಕಡೆ ಇರ್ತೀಯಲ್ಲ?"

"ಸರಿ ಯಾವ ಕಡೆ ಇರುತ್ತೋ ಆ ಕಡೆ ಇರ್ತೀನಿ."

"ಹಾಗಾದ್ರೆ ಆಯ್ತು" ಎಂದು ಇಯೋನಾ ಸಮಾಧಾನವಾಗಿ ಎಲೆ ಎತ್ತಿಕೊಂಡಳು.

ತಾನು ಹೇಳಿದ್ದು ಒಂದು, ಇವಳು ಕೇಳಿಸಿಕೊಂಡದ್ದು ಇನ್ನೊಂದು ಎಂದು ವರ್ನಾಗೆ ಚೆನ್ನಾಗಿ ಗೊತ್ತಾಯಿತು. ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದಳು. ಅವತ್ತು ತಿದ್ದಲಿಲ್ಲ, ಆಟ ಮುಂದುವರಿಸಿದಳು.

ಮಂಗಳವಾರ ಟೌನ್ ಹಾಲು ತುಂಬಿತ್ತು. ಹಿಂದಿನ ಸಾಲಿನ ಹೆಂಗಸರು ಎಂದಿನಂತೆ ಸ್ವೆಟರು ಹೆಣೆಯುತ್ತಿದ್ದರು. ಮೂಲೆಯಲ್ಲಿ ಕಾಫಿ ಕುದಿಯುತ್ತಿತ್ತು. ಮೊದಲ ಏಳು ಠರಾವು ಸರಾಗವಾಗಿ ಹೋದವು, ಒಂದು ಜಾರುಬಂಡೆ, ಎರಡು ಬೆರ್ಚಪ್ಪ ಬಿಟ್ಟರೆ ವಿಶೇಷವೇನಿಲ್ಲ. ಎಂಟನೆಯದಕ್ಕೆ ಮಂಡಳಿಯ ಪರವಾಗಿ ರಸ್ತೆ ಮೇಲ್ವಿಚಾರಕ ಡ್ವೈಟ್ ಲಾಡ್ ಎದ್ದ. ಅವನ ಮನೆ ಪಕ್ಕದ ಊರಿನ ಗಡಿಯೊಳಗಿದೆ, ಹಾಗಾಗಿ ಇಲ್ಲಿ ಮತವಿಲ್ಲ, ಆದರೆ ಲಾರಿ ಓಡಿಸುವವನು ಅವನೇ. ವರ್ನಾಳ ಲೆಕ್ಕದಲ್ಲಿ ಅವಳ ತರಗತಿಗೆ ಬಂದವರಲ್ಲೆಲ್ಲ ಬುದ್ಧಿವಂತ.

"ನಮ್ಮ ಹತ್ರ ಇರೋದು ಒಂದೇ ಲಾರಿ" ಎಂದ ಡ್ವೈಟ್. "ಹಿಮ ಬಿದ್ದ ಬೆಳಿಗ್ಗೆ, ಶಾಲೆ ಬಸ್ಸು ಹೊರಡೋಕೆ ಮುಂಚೆ ನನಗೆ ಸಿಗೋ ಹೊತ್ತು ಇಷ್ಟೇ. ಅಷ್ಟರಲ್ಲಿ ಕಟ್ಲರ್ ಗುಡ್ಡದ ಕೊನೇ ಮೈಲಿ ಹತ್ತಬೇಕು, ಇಲ್ಲಾ ಬಸ್ಸು ಜಾರದ ಹಾಗೆ ಅದರ ರಸ್ತೆಗೆ ಮರಳು ಹಾಕಬೇಕು. ಎರಡ್ರಲ್ಲಿ ಒಂದು. ಒಂದು ಕಡೆ ಒಂದು ಮನೆ, ಇನ್ನೊಂದು ಕಡೆ ಬಸ್ಸು ತುಂಬ ಮಕ್ಕಳು. ಇಯೋನಾ ಆಂಟಿ ಮೇಲೆ ನಂಗೇನೂ ಕೋಪ ಇಲ್ಲ. ಅವರು ಕೆಟ್ಟೋರು ಅಂತಾನೂ ಹೇಳ್ತಿಲ್ಲ, ನಾಳೆ ಊರು ಮುಳುಗುತ್ತೆ ಅಂತಾನೂ ಹೇಳ್ತಿಲ್ಲ. ಇರೋದು ಹೇಳ್ದೆ."

ಕೂತ. ಏರುದನಿಯಿಲ್ಲ, ಕಣ್ಣೀರಿಲ್ಲ, ಬೈಗುಳವಿಲ್ಲ. ಒಂದು ಮಾತು ಮುಗಿದ ಮೇಲೆ ಇನ್ನೊಂದು, ಗಾಡಿಗೆ ಪೇರಿಸಿದ ಸೌದೆಯ ಹಾಗೆ.

"ಮೇಡಂ, ಏನಾದ್ರೂ ಇದ್ಯಾ?" ಎಂದ ಎಮೆಟ್.

"ಏನೂ ಇಲ್ಲ" ಎಂದಳು ವರ್ನಾ. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು ಕೂಡ. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಒಬ್ಬನ ತಲೆಗಾದರೂ ಹತ್ತಿತಲ್ಲ.

ಆಮೇಲೆ ಇಯೋನಾ ಕೋಲೂರಿ ಎದ್ದಳು. ಬೇಡ ಎಂದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಕರಡಿ ಬಂತು, ತಾತ ಬಂದ, ಅರ್ಧ ಹಾಡು ಹಾರಿಸಿದವನೂ ಬಂದ. ಅಲ್ಲಿಗೆ ನಿಲ್ಲದೆ ಡ್ವೈಟ್ ಕಡೆ ಕೋಲು ಚಾಚಿದಳು. "ಈ ಮನುಷ್ಯ ಇದಾನಲ್ಲ, ಹಿಮ ಬಿದ್ದಾಗೆಲ್ಲ ಲಾರಿ ತಂದು ನಮ್ಮ ಅಂಗಳದಲ್ಲಿ ತಿರುಗಿಸಿ ನಿಲ್ಲಿಸಿ, ಅಡುಗೆಮನೆಗೆ ಬಂದು ಕಾಫಿ ಕುಡಿದು, ಬಿಸಿ ಡೋನಟ್ ತಿಂದು ಹೋಗ್ತಾನೆ. ಸಾಲ್ದು ಅಂತ ಜೇಬಿಗೂ ಒಂದು ಹಾಕ್ಕೊಳ್ತಾನೆ. ಕುಡಿದ ಕಾಫಿಗೆ ಇದಾ ಮರ್ಯಾದೆ? ನಾಚಿಕೆ ಆಗ್ಬೇಕು!" ಸಭೆ ನಕ್ಕಿತು, ಡ್ವೈಟ್ ಕೈಯಲ್ಲಿದ್ದ ಟೊಪ್ಪಿ ನೋಡಿಕೊಂಡ. ಇಯೋನಾ ನಗು ನಿಲ್ಲುವವರೆಗೆ ಕಾದಳು. ಆಮೇಲೆ ಅವಳ ದನಿ ಸಣ್ಣಗಾಯಿತು. "ನಾನು ಇಲ್ಲೇ ಹುಟ್ಟಿದ್ದು. ಮರಳುಗಾಡಿಗೆ ಹೋಗಿ ಸಾಯ್ಬೇಕೇನ್ರಪ್ಪಾ?"

ಹಿಂದಿನ ಸಾಲಿನಲ್ಲಿ ಹೆಣಿಗೆ ನಿಂತಿತು.

"ಮೇಡಂ, ಏನಾದ್ರೂ..." ಎಂದ ಎಮೆಟ್, ಮಾತು ಪೂರ್ತಿ ಮಾಡಲಿಲ್ಲ. ಇಲ್ಲ ಎಂದುಬಿಡಲಿ ಎಂದು ಅವನಿಗೂ ಅನ್ನಿಸಿತ್ತೇನೋ.

ಇಲ್ಲ ಎಂದರೆ ಮುಗಿಯಿತು. ಆದರೆ ಈ ಹಾಲಿನಲ್ಲಿ ಅವಳು ಕೂರಿಸಿದ ಜನ ಒಬ್ಬರೇ ಇಬ್ಬರೇ? ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಎಂದು ಗೋಳಾಡಿದವನನ್ನು ಕೂರಿಸಿದ್ದಳು, ಸ್ವಂತ ಸೋದರಮಾವನನ್ನು ಕೂರಿಸಿದ್ದಳು. ಈಗ ಗೆಳತಿ ಎಂದು ಬಿಟ್ಟರೆ ಅವರ ಮುಖವನ್ನೆಲ್ಲ ಹೇಗೆ ನೋಡುವುದು? ಎದ್ದಳು.

"ಇದೆ. ಕರಡಿ ಜಾರುಬಂಡೆ. ಕಾಫಿಗೂ ವಿಷಯಕ್ಕೂ ಸಂಬಂಧ ಇಲ್ಲ, ಅದು ಡ್ವೈಟ್ ಮೇಲೆ ಬಿದ್ದದ್ದು. ಮರಳುಗಾಡು ಕರುಣೆಗೆ ಕೈಚಾಚೋದು."

ಕೂತಳು. ಇಯೋನಾ ಇನ್ನೂ ನಿಂತೇ ಇದ್ದಳು. ಪಕ್ಕದವರು ತೋಳು ಹಿಡಿದು ಕೂರಿಸಿದರು.

ನಿಲ್ಲಿಸಬೇಕು ಎನ್ನುವವರು ಕೈ ಎತ್ತಿ ಎಂದ ಎಮೆಟ್. ಸರಿ ಇದ್ದ ಕಡೆ ಇರುತ್ತೇನೆ ಎಂದವಳು ಕೈ ಎತ್ತದೇ ಇರುವುದು ಹೇಗೆ? ವರ್ನಾ ಎತ್ತಿದಳು. ಎರಡು ಸಾಲು ಮುಂದೆ ಕೂತಿದ್ದ ಇಯೋನಾ, ಯಾರ್ಯಾರು ಎತ್ತಿದ್ದಾರೆ ಎಂದು ತಿರುಗಿ ನೋಡಿದಳು. ನೋಡಬೇಕಾದ್ದನ್ನು ನೋಡಿ ಮುಂದಕ್ಕೆ ತಿರುಗಿಕೊಂಡಳು. ಮೂರೇ ಮೂರು ಕೈ ಜಾಸ್ತಿಯಾಗಿ ಠರಾವು ಪಾಸಾಯಿತು. ಒಂಬತ್ತನೆಯದು ಊಟವಾದ ಮೇಲೆ ಎಂದು ಎಮೆಟ್ ಸುತ್ತಿಗೆ ಹೊಡೆದ.

ಊಟ ಕೆಳಗಿನ ಕೋಣೆಯಲ್ಲಿ. ಹುರುಳಿಕಾಯಿ ಬೀಜ ಬೇಯಿಸಿದ್ದು, ಹಂದಿಮಾಂಸ, ಬನ್ನು, ಮನೆಮನೆಯಿಂದ ಬಂದ ಹಣ್ಣಿನ ಪೈಗಳು. ಪ್ರತಿ ವರ್ಷ ಇಬ್ಬರೂ ಒಟ್ಟಿಗೆ ಕೂರುವವರು, ಈ ವರ್ಷವೂ ಕೂತರು. ವರ್ನಾ ಬೈಗುಳಕ್ಕೆ ತಯಾರಾಗಿಯೇ ಕೂತಿದ್ದಳು. ಇಯೋನಾ ಬೈದರೆ ಅದರಲ್ಲಿ ಒಂದು ತಪ್ಪು ಸಿಕ್ಕೇ ಸಿಗುತ್ತದೆ. ಹಿಡಿದುಕೊಂಡು ನೇತಾಡಬಹುದು.

ಇಯೋನಾ ಬೈಯಲಿಲ್ಲ. "ನೀನು ಹೇಳಿದ್ದೆಲ್ಲ ಸರೀನೇ ಕಣೇ" ಎಂದಳು, ತಟ್ಟೆ ನೋಡುತ್ತಾ. "ನಂಗೆ ಮಾತಾಡೋಕೆ ಬರಲ್ಲ, ಅಷ್ಟೇ. ಗುರುವಾರ ಬಂದಾಗ ಇಸ್ಪೀಟು ಕಟ್ಟು ನಿಮ್ಮನೆಗೆ ತಗೊಂಡು ಹೋಗ್ಬಿಡು. ಅಲ್ಲಿ ನಾನ್ಯಾರ ಜೊತೆ ಆಡ್ಲಿ."

ವರ್ನಾ ಇದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದಳು, ಅಭ್ಯಾಸಬಲ. ಒಂದೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಇಯೋನಾ ಸರಿಯಾಗಿ ಮಾತಾಡಿದ್ದಳು. ಅದನ್ನು ಕೇಳಲು ಇಷ್ಟು ಸಂಕಟವಾಗುತ್ತದೆ ಎಂದು ಯಾರು ಕಂಡಿದ್ದರು?

ಅಷ್ಟರಲ್ಲಿ ಡ್ವೈಟ್ ತಟ್ಟೆ ಹಿಡಿದುಕೊಂಡು ಬಂದು ಎದುರಿಗೆ ಕೂತ. "ಬೇಜಾರು ಮಾಡ್ಕೋಬೇಡಿ ಆಂಟಿ. ನಂಗೂ ಮನಸ್ಸಿಗೆ ಸರಿ ಬರ್ತಿಲ್ಲ."

"ಇರ್ಲಿ ಬಿಡೋ. ಬನ್ನು ತಗೋ" ಎಂದು ಇಯೋನಾ ಬುಟ್ಟಿ ಅವನ ಕಡೆ ತಳ್ಳಿದಳು. "ಮುಂದಿನ ವರ್ಷ ಕಾಫಿ ಎಲ್ಲಿ ಕುಡೀತೀಯ?"

"ಕಾಫಿ ಆಮೇಲಾಯ್ತು. ಮೊದ್ಲು ಲಾರಿ ಎಲ್ಲಿ ತಿರುಗಿಸೋದು ಅಂತ ನೋಡ್ಬೇಕು" ಎಂದು ಡ್ವೈಟ್ ನಕ್ಕ.

ವರ್ನಾ ಫೋರ್ಕು ಕೆಳಗಿಟ್ಟಳು. "ಏನಂದೆ?"

"ಅಲ್ಲ ಮೇಡಂ, ಆ ಗುಡ್ಡದಲ್ಲಿ ಲಾರಿ ತಿರುಗೋವಷ್ಟು ಅಗಲ ಇರೋದು ಆಂಟಿ ಅಂಗಳದಲ್ಲಿ ಮಾತ್ರ. ಕೆಳಗಡೆಯೆಲ್ಲ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಂದಕ."

"ಕೆಳಗಿನ ಐದಾರು ಮನೆಗೆ ನೀನು ಹಿಮ ತಳ್ಳಲೇಬೇಕು, ಅಲ್ವಾ?"

"ತಳ್ಳಲೇಬೇಕು."

"ಅಲ್ಲಿವರೆಗೆ ಹತ್ತಿದ ಲಾರಿ ವಾಪಸ್ ಹೇಗೆ ಬರುತ್ತೆ?"

"ಹಿಮ್ಮುಖ."

"ಗುಡ್ಡದ ಬುಡದ ತನಕ? ಬೆಳಗಾಗೋ ಮುಂಚೆ, ಮಂಜುಗಡ್ಡೆ ಮೇಲೆ?"

ಡ್ವೈಟ್ ಅಗಿಯುವುದು ನಿಧಾನವಾಯಿತು.

"ಮೇಲೆ ಹೋಗಿ ಅಂಗಳದಲ್ಲಿ ತಿರುಗಿಸ್ಕೊಂಡು ಮುಂದಮುಂದಾಗಿ ಇಳಿಯೋದು ಬೇಗನಾ, ಹಿಂದಕ್ಕೆ ಹಿಂದಕ್ಕೆ ಇಳಿಯೋದು ಬೇಗನಾ?"

"ತಿರುಗಿಸ್ಕೊಂಡು ಬರೋದು" ಎಂದ ಡ್ವೈಟ್. ಬನ್ನು ತಟ್ಟೆಯಲ್ಲಿಟ್ಟ. "ಅಯ್ಯೋ ದೇವ್ರೇ. ಹಿಂದಕ್ಕೆ ಬರ್ತಾ ಕೂತ್ರೆ ಬಸ್ಸು ಹೋಗೇ ಹೋಗಿರುತ್ತೆ." ವರ್ನಾಳ ಮುಖ ನೋಡಿದ. "ಅಲ್ಲ ಮೇಡಂ, ಬೆಳಿಗ್ಗೆ ನೀವು ಏನೂ ಇಲ್ಲ ಅಂದ್ರಲ್ಲ. ನೀವೇ ಅಂದ್ಮೇಲೆ ಸರಿ ಇರ್ಬೇಕು ಅಂದ್ಕೊಂಡೆ."

"ನಾನೂ ಅದನ್ನೇ ಅಲ್ವೇನ್ರೋ ಹೇಳಿದ್ದು?" ಎಂದಳು ಇಯೋನಾ. "ಲಾರಿ ನಮ್ಮ ಅಂಗಳದಲ್ಲಿ ತಿರುಗಿಸ್ತಾನೆ ಅಂತ ಬಾಯಿಬಿಟ್ಟು ಹೇಳ್ದೆ."

"ನೀನು ಕಾಫಿ ಅಂದೆ" ಎಂದಳು ವರ್ನಾ.

"ಕಾಫಿನೂ ಅಂದೆ."

ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ, ಕೊನೆಯ ತರಗತಿಯಲ್ಲಿ ವರ್ನಾ ಒಂದು ಪಾಠ ಮಾಡುತ್ತಿದ್ದಳು. ಯಾರದಾದರೂ ವಾದ ಸೊಟ್ಟಗಿದೆ ಎಂದ ಮಾತ್ರಕ್ಕೆ ಅವರು ಹೇಳಿದ ವಿಷಯವೇ ಸುಳ್ಳು ಎಂದುಕೊಳ್ಳಬಾರದು, ಅದೂ ಒಂದು ತಪ್ಪು, ಎಲ್ಲಕ್ಕಿಂತ ಕೊನೆಗೆ ಬರುವ ತಪ್ಪು. ಆ ಹೊತ್ತಿಗೆ ಹುಡುಗರ ಮನಸ್ಸೆಲ್ಲ ಬೇಸಿಗೆ ರಜೆಯ ಕಡೆ ಇರುತ್ತಿತ್ತು. ಮೇಡಂ ಮನಸ್ಸೂ ಅಲ್ಲೇ ಇರುತ್ತಿತ್ತೇನೋ. ಇನ್ನು ಡ್ವೈಟ್ ಹೇಳಿದ "ಎರಡ್ರಲ್ಲಿ ಒಂದು", ಅದನ್ನು ಅವಳು ಮೊದಲ ತಿಂಗಳೇ ಕಲಿಸುತ್ತಿದ್ದಳು: ಎರಡೇ ಬಾಗಿಲು ತೋರಿಸುವವನ ಬೆನ್ನ ಹಿಂದೆ ಇಣುಕಿ ನೋಡಿ. ನೋಡಲಿಲ್ಲ. ನೆಟ್ಟಗೆ ನಿಂತು ನೆಟ್ಟಗೆ ಮಾತಾಡಿದ ಎಂದು ಬಿಟ್ಟುಕೊಟ್ಟಳು. ವರ್ನಾಗೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ ಅದೇ ಬನ್ನನ್ನು ಎತ್ತಿ ತನ್ನ ತಲೆಗೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಊಟ ಆದ್ಮೇಲೆ ಎದ್ದು ಇನ್ನೊಂದ್ಸಲ ಹೇಳ್ತೀನಿ ಬಿಡಿ" ಎಂದಳು ಇಯೋನಾ.

ಪೈ ತಟ್ಟೆ ಹಿಡಿದು ಹಿಂದೆಯೇ ಹೋಗುತ್ತಿದ್ದ ಎಮೆಟ್ ನಿಂತ. "ಆಗಲ್ಲ ಆಂಟಿ. ಮುಗಿದ ಠರಾವನ್ನ ಮತ್ತೆ ತೆಗೀಬೇಕು ಅಂದ್ರೆ ಗೆದ್ದ ಕಡೆ ಕೈ ಎತ್ತಿದವರೇ ಎದ್ದು ಕೇಳ್ಬೇಕು. ಸೋತವರು ಕೇಳೋ ಹಾಗಿಲ್ಲ. ಅದೂ ನಾನು ಒಂಬತ್ತನೇದು ಓದೋಕೆ ಮುಂಚೆ. ಓದಿದ್ನೋ, ಮುಂದಿನ ಮಾರ್ಚಿಗೇ." ಇಷ್ಟು ಹೇಳುವಾಗ ಅವನು ವರ್ನಾಳ ಕಡೆ ನೋಡಲಿಲ್ಲ. ಡ್ವೈಟ್ ಕೂಡ ನೋಡಲಿಲ್ಲ. ಇಯೋನಾ ಬನ್ನಿನ ಬುಟ್ಟಿಯ ಬಟ್ಟೆ ಸರಿಮಾಡಿದಳು. ನೀನು ಕೇಳು ಎಂದು ಬಾಯಿಬಿಟ್ಟು ಅನ್ನಲಿಲ್ಲ.

ಮೇಲಿನ ಹಾಲಿಗೆ ಮರಳಿ ಎಲ್ಲರೂ ಕೂತ ಮೇಲೆ ಎಮೆಟ್ ಕಾಗದ ಕೈಗೆತ್ತಿಕೊಂಡ. ಕನ್ನಡಕ ಒರೆಸಿದ. ಅಷ್ಟೊಂದು ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಎಮೆಟ್, ನಿಲ್ಸು" ಎಂದಳು ವರ್ನಾ. ಎದ್ದು ನಿಂತಳು. "ನಾನು ಗೆದ್ದ ಕಡೆ ಕೈ ಎತ್ತಿದವಳು. ಎಂಟನೇದನ್ನ ಮತ್ತೆ ತೆಗೀಬೇಕು ಅಂತ ಕೇಳ್ತಿದೀನಿ."

ಇಡೀ ಸಭೆ ಕುರ್ಚಿ ಕಿರುಗುಟ್ಟಿಸುತ್ತಾ ತಿರುಗಿತು. ಕಾರಣ ಹೇಳಿ ಎಂದ ಎಮೆಟ್.

ವರ್ನಾ ಲಾರಿಯ ವಿಷಯ ಹೇಳಿದಳು. ಅಂಗಳ ಬಿಟ್ಟರೆ ತಿರುಗಲು ಜಾಗವಿಲ್ಲ, ಹಿಮ್ಮುಖ ಇಳಿದರೆ ಬಸ್ಸಿನ ರಸ್ತೆಗೆ ಇನ್ನೂ ತಡ, ನಿಲ್ಲಿಸಿದರೆ ಮಕ್ಕಳಿಗೇ ತೊಂದರೆ. ಡ್ವೈಟ್ ಎದ್ದು ಹೌದು ಎಂದ. "ಡ್ವೈಟ್ ಎರಡೇ ಬಾಗಿಲು ತೋರಿಸ್ದ. ನಾನು ಮೂರನೇದು ಕೇಳ್ಬೇಕಿತ್ತು, ಕೇಳ್ಲಿಲ್ಲ" ಎಂದಳು ವರ್ನಾ. "ಅವನು ಚೆನ್ನಾಗಿ ಮಾತಾಡ್ದ ಅಂತ ತಪ್ಪನ್ನ ಬಿಟ್ಟೆ. ಇಯೋನಾ ಕೆಟ್ಟದಾಗಿ ಮಾತಾಡಿದ್ಳು ಅಂತ ನಿಜಾನ ಗುಡಿಸಿ ಹಾಕ್ದೆ. ತಪ್ಪು ನಂದು."

ಅಲ್ಲಿಗೆ ಕೂರಬಹುದಿತ್ತು. ಸಾಕಾಗಿತ್ತು. ಜನ ತಲೆಯಾಡಿಸುತ್ತಿದ್ದರು, ಎಮೆಟ್ ಅನುಮೋದನೆ ಕೇಳಲು ಬಾಯಿ ತೆರೆದಿದ್ದ. ಆದರೆ ಪೂರ್ತಿ ಹೇಳದೆ ಕೂತರೆ ಅದು ಮೋಸ ಎಂದು ಅವಳಿಗೆ ಅನ್ನಿಸಿತು. ಇಷ್ಟು ವರ್ಷ ಬೇರೆಯವರ ವಾದದ ಹಿಂದೆ ಏನಿದೆ ಎಂದು ಕೆದಕಿದವಳು ತನ್ನದರ ಹಿಂದೆ ಇರುವುದನ್ನು ಮುಚ್ಚಿಟ್ಟುಕೊಳ್ಳುವುದು ಯಾವ ನ್ಯಾಯ?

"ಇನ್ನೊಂದಿದೆ" ಎಂದಳು. "ಲಾರಿ ಬಗ್ಗೆ ನಾನು ಸುಮ್ನೆ ಕೇಳಿದ್ದಲ್ಲ. ಊಟಕ್ಕೆ ಕೂತಾಗ ಇವಳು, ಇಸ್ಪೀಟು ಕಟ್ಟು ನಿಮ್ಮನೆಗೆ ತಗೊಂಡು ಹೋಗು ಅಂದ್ಳು. ಆಮೇಲೇನೇ ನನ್ನ ಕಿವಿ ನೆಟ್ಟಗಾದದ್ದು. ಇವಳು ಹೋಗೋದು ನಂಗೆ ಬೇಡ. ಹೋದ್ರೆ ನಾನು ಒಬ್ಳೇ ಆಗ್ಬಿಡ್ತೀನಿ. ಲಾರಿ ಎಲ್ಲಿ ತಿರುಗಿದ್ರೂ ಸರಿ, ತಿರುಗದೇ ಇದ್ರೂ ಸರಿ, ಇವಳು ನಂಗೆ ಇಲ್ಲೇ ಬೇಕು."

ಎಡಗಡೆಯ ಸಾಲಿನಿಂದ ಕಾರ್ಲ್‌ಟನ್ ಹೋಯ್ಟ್ ಎದ್ದ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಕೂರಿಸಿಕೊಂಡವನು ಅವನೇ. ಚುಚ್ಚಬೇಕೆಂದೇನೂ ಎದ್ದದ್ದಲ್ಲ. ಕಲಿತ ಪಾಠ, ತಾನಾಗಿ ಬಾಯಿಗೆ ಬಂತು.

"ಮೇಡಂ, ಇದು... ಕರುಣೆಗೆ ಕೈಚಾಚೋದಲ್ವಾ?"

"ಹೌದಪ್ಪಾ" ಎಂದಳು ವರ್ನಾ. "ಚಾಚಿದೀನಿ."

ಕಾರ್ಲ್‌ಟನ್ ಕಲಿತ ಪಾಠದಲ್ಲಿ ಇದು ಇರಲಿಲ್ಲ. ಕೂತ.

"ಅನುಮೋದಿಸೋರು ಯಾರಾದ್ರೂ ಇದೀರಾ?" ಎಂದ ಎಮೆಟ್.

ಯಾರೂ ಏಳಲಿಲ್ಲ. ಮನಸ್ಸಿಲ್ಲದೆ ಅಲ್ಲ. ಸುಮಾರು ಜನ ಮೂಗು ಎಳೆಯುತ್ತಿದ್ದರು. ಆದರೆ ತಪ್ಪು ಕಣ್ಣಿಗೆ ರಾಚುವ ಹಾಗಿರುವ ವಾದಕ್ಕೆ ಎಲ್ಲರ ಎದುರು ಹೌದು ಎನ್ನುವುದು ಹೇಗೆ? ಅಷ್ಟು ಚೆನ್ನಾಗಿ ಕಲಿಸಿದ್ದಳು ಪುಣ್ಯಾತ್ಗಿತ್ತಿ. ಎಮೆಟ್ ಇನ್ನೊಂದು ಸಲ ಕೇಳಿದ. ಒಬ್ಬರನ್ನೊಬ್ಬರು ನೋಡಿಕೊಂಡರು. ವರ್ನಾ ಒಬ್ಬಳೇ ನಿಂತಿದ್ದಳು.

ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ದಡಾರನೆ ಮಡಚಿಕೊಂಡಿತು. ಇಯೋನಾ ಕೋಲೂರಿ ಎದ್ದಿದ್ದಳು.

"ಇವಳು ಕೊನೆಗೆ ಹೇಳಿದ್ದಕ್ಕೂ ರಸ್ತೆಗೂ ಏನೇನೂ ಸಂಬಂಧ ಇಲ್ಲ" ಎಂದಳು ಗಟ್ಟಿಯಾಗಿ. "ಪೂರಾ ತಪ್ಪು ವಾದ. ನಾನು ಅನುಮೋದಿಸ್ತೀನಿ."

ಎಮೆಟ್ ಸುತ್ತಿಗೆ ಹೊಡೆದ ಸದ್ದು ನಗುವಿನಲ್ಲಿ ಕೇಳಿಸಲೇ ಇಲ್ಲ. ನಿಲ್ಲಿಸುವುದು ಬೇಡ ಎನ್ನುವವರು ಕೈ ಎತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎತ್ತಿದವನು ಕಾರ್ಲ್‌ಟನ್. ಎಣಿಸುವ ಅಗತ್ಯ ಬೀಳಲಿಲ್ಲ. ಕಟ್ಲರ್ ಗುಡ್ಡದ ಕೊನೆಯ ಮೈಲಿಗೆ ಲಾರಿ ಹತ್ತುತ್ತದೆ ಎಂದು ಬರೆದುಕೊಂಡರು. ಎಮೆಟ್ ಒಂದು ಕ್ಷಣವೂ ತಡಮಾಡದೆ ಒಂಬತ್ತನೆಯದನ್ನು ಓದಿಬಿಟ್ಟ, ಸ್ಮಶಾನದ ಬೇಲಿಯ ವಿಷಯ.

ಇಯೋನಾ ಕೋಲೂರಿಕೊಂಡು ಎರಡು ಸಾಲು ಹಿಂದಕ್ಕೆ ಬಂದು, ವರ್ನಾಳ ಪಕ್ಕದವನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಬೇಲಿಯ ಚರ್ಚೆ ಕೇಳಿದಳು. ಆಮೇಲೆ ವರ್ನಾಳ ಕಿವಿಯ ಹತ್ತಿರ ಬಗ್ಗಿ ಹೇಳಿದಳು: "ಐವತ್ತು ವರ್ಷ ಆಯ್ತಲ್ಲೇ. ಈ ಒಂದು ಮಾತು ಹೇಳೋಕೆ ನಿಂಗೆ ಒಂದು ಲಾರಿ ಬೇಕಾಯ್ತು ನೋಡು."

ವರ್ನಾಗೆ ತಿದ್ದಲು ಏನೂ ಸಿಗಲಿಲ್ಲ. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, ಎಮೆಟ್ ಕೈ ಎತ್ತಿ ಎಂದಾಗ ಎಲ್ಲರ ಜೊತೆ ತಾನೂ ಎತ್ತಿದಳು. ಬೇಲಿ ಬೇಕು ಎಂದೋ ಬೇಡ ಎಂದೋ ಅವಳಿಗೇ ಗೊತ್ತಿರಲಿಲ್ಲ.